ಗೋಡೆಯ ಮೇಲಿನ ಕಂಚಿನ ಖಡ್ಗ

ಆಯುಧವು ಆಯುಧವಾಗಿರುವಷ್ಟು ಕಾಲ ಅದರ ರೂಪವನ್ನು ಕುರಿತ ವಿಮರ್ಶೆ ಹುಟ್ಟುವುದು ಅಪೂರ್ವ. ಅದು ಕಡಿಯುತ್ತದೆಯೇ, ಕೈಗೆ ಕೂಡುತ್ತದೆಯೇ ಎಂಬೆರಡು ಪ್ರಶ್ನೆಗಳಲ್ಲಿ ಅದರ ಪರೀಕ್ಷೆ ಮುಗಿದುಹೋಗುತ್ತದೆ. ಕಡಿಯುವ ಕೆಲಸದಿಂದ ಬಿಡುಗಡೆಹೊಂದಿ ಗೋಡೆಯನ್ನೋ ಗಾಜಿನ ಕಪಾಟನ್ನೋ ಸೇರಿದ ಮೇಲೆ ಮಾತ್ರ, ಇದು ಸುಂದರವೇ, ಇದು ಏನನ್ನು ಹೇಳುತ್ತದೆ, ಹೇಳುವುದು ನಿಜವೇ ಎಂಬ ಪ್ರಶ್ನೆಗಳು ಏಳುತ್ತವೆ. ಇವು ಕಾವ್ಯವನ್ನು ಕುರಿತು ನಾವು ಕೇಳುವ ಪ್ರಶ್ನೆಗಳೇ. ಆದುದರಿಂದ ಮನೆಯ ಅಲಂಕಾರವಾಗಿ ನಿಂತ ಖಡ್ಗವೊಂದನ್ನು ಸಾಹಿತ್ಯವಿಮರ್ಶೆಯ ಅಳತೆಗೋಲಿನಿಂದ ಅಳೆಯಹೊರಟರೆ ವಾಚಕರು ಅದನ್ನು ಅತಿರೇಕವೆಂದು ಭಾವಿಸಲಾರರೆಂದು ನಂಬಿದ್ದೇನೆ.

ಪ್ರಕೃತ ನನ್ನ ಕಣ್ಣಮುಂದಿರುವುದು ಪ್ರಾಚೀನ ಚೀನದ ಕಂಚಿನ ಖಡ್ಗದ ಪ್ರತಿಕೃತಿ. ಈಚಿನ ವರ್ಷಗಳಲ್ಲಿ ಇದು ಚೆನ್ನೈಯ ಕನ್ನಡ ಮನೆಗಳನ್ನೂ ಹೊಕ್ಕಿದೆ. ಮಾಧವರಂ ಎಂದರೆ ಒಂದು ಕಾಲಕ್ಕೆ ಮದರಾಸಿಗೆ ಹಾಲು ಕೊಡುತ್ತಿದ್ದ ಊರು. ಹಾಲಿನ ಕಾಲೊನಿಯೆಂಬ ಹೆಸರು ಇಂದಿಗೂ ಉಳಿದಿದೆ. 2011ರಲ್ಲಿ ಅದು ಮಹಾನಗರಪಾಲಿಕೆಯ ಎಲ್ಲೆಯೊಳಗೆ ಬಂದಿತು. ಈಗ ಲಾರಿ ನಿಲ್ದಾಣವೂ ಉಗ್ರಾಣಗಳೂ 2018ರಲ್ಲಿ ತೆರೆದ ಬಸ್ ನಿಲ್ದಾಣವೂ ಸೇರಿ, ಊರಿನ ಬಾಳು ಬಹುಮಟ್ಟಿಗೆ ಬರುವ ಹೋಗುವ ಸರಕಿನ, ಬರುವ ಹೋಗುವ ಜನರ ಬಾಳಾಗಿದೆ. ಇಲ್ಲಿ ನೆಲೆಸಿರುವ ಪರಿಚಿತರ ಮನೆಗಳಲ್ಲಿ ಎರಡು ಮೂರು ಕಡೆ ನಾನು ಈ ಖಡ್ಗವನ್ನು ಕಂಡಿದ್ದೇನೆ. ವ್ಯಾಪಾರಕ್ಕೋ ಕಾರ್ಖಾನೆಯ ಕೆಲಸಕ್ಕೋ ಚೀನಕ್ಕೆ ಹೋಗಿಬಂದ ಮಗನೋ ಅಳಿಯನೋ ತಂದುಕೊಟ್ಟದ್ದು. ಕಪ್ಪು ಮೆರುಗಿನ ಮರದ ಪೀಠ, ಒಳಗೆ ಕೆಂಪು ಬಟ್ಟೆ ಹೊದಿಸಿದ ಪೆಟ್ಟಿಗೆ, ಚೀನೀ ಅಕ್ಷರಗಳ ಒಂದು ಪತ್ರ. ಚನ್ನಪಟ್ಟಣದ ಬೊಂಬೆ, ಗೀತೋಪದೇಶದ ರಥ, ಸಂಘದ ವಾರ್ಷಿಕೋತ್ಸವದಲ್ಲಿ ಬಂದ ಫಲಕ, ಇವುಗಳ ನಡುವೆ ಅದಕ್ಕೂ ಒಂದು ಸ್ಥಾನ. ಮನೆಯವರನ್ನು ಕೇಳಿದರೆ, ‘ಯಾವುದೋ ಚೀನೀ ರಾಜನ ಕತ್ತಿಯಂತೆ’ ಎನ್ನುತ್ತಾರೆ. ಆ ‘ಅಂತೆ’ ಎಂಬ ಪ್ರತ್ಯಯದಲ್ಲಿಯೇ ನಮ್ಮ ವಿಚಾರವೆಲ್ಲ ಅಡಗಿದೆ.

ಆ ರಾಜನು ಯಾರು? ಪ್ರತಿಕೃತಿಗಳಲ್ಲಿ ಅತಿ ಹೆಚ್ಚಾಗಿ ಕಾಣಸಿಗುವುದು ಯುವೆ ರಾಜ್ಯದ ದೊರೆ ಗೌಜಿಯನ್ನನ ಖಡ್ಗ. ಕ್ರಿ.ಪೂ. 496ರಿಂದ 465ರ ವರೆಗೆ ಆಳಿದ ಈತನ ಕಥೆ ಚೀನದ ಮಕ್ಕಳಿಗೆಲ್ಲ ಬಾಯಿಪಾಠ. ನೆರೆಯ ವೂ ರಾಜ್ಯಕ್ಕೆ ಸೋತು, ಶತ್ರುವಿನ ಆಳಾಗಿ ದಿನ ಕಳೆದು, ಬಿಡುಗಡೆಯಾಗಿ ಬಂದ ಮೇಲೂ ಅವಮಾನ ಮರೆಯದಿರಲೆಂದು ಪಿತ್ತಕೋಶವನ್ನು ನೆಕ್ಕುತ್ತ ಕಾಲ ಕಾದು, ಕೊನೆಗೆ ಕ್ರಿ.ಪೂ. 473ರಲ್ಲಿ ವೂ ರಾಜ್ಯವನ್ನು ನಿರ್ಮೂಲಮಾಡಿದವನು ಈತ. ಕಥೆಯ ಎಷ್ಟು ಭಾಗ ಇತಿಹಾಸ, ಎಷ್ಟು ಭಾಗ ಪುರಾಣ ಎಂಬುದು ಬೇರೆಯ ಮಾತು. ಖಡ್ಗವಂತೂ ನಿಜವಾದದ್ದು. 1965ರಲ್ಲಿ ಹುಬೆ ಪ್ರಾಂತದ ಜಿಯಾಂಗ್‌ಲಿಂಗ್ ಪ್ರದೇಶದಲ್ಲಿ ನೀರಾವರಿಯ ಕಾಮಗಾರಿ ನಡೆಯುತ್ತಿದ್ದಾಗ ಹಳೆಯ ಗೋರಿಗಳು ಬೆಳಕಿಗೆ ಬಂದವು. ಅವುಗಳಲ್ಲಿ ವಾಂಗ್‌ಶಾನ್‌ನ ಒಂದನೆಯ ಗೋರಿಯೊಳಗೆ, ಸತ್ತವನ ಎಲುಬುಗಳ ಪಕ್ಕದಲ್ಲಿ, ಕಪ್ಪು ಅರಗೆಣ್ಣೆ ಬಳಿದ ಮರದ ಒರೆಯಲ್ಲಿ ಈ ಖಡ್ಗ ದೊರೆಯಿತು. ಉದ್ದ ಐವತ್ತೈದು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು; ನಮ್ಮ ಲೆಕ್ಕದಲ್ಲಿ ಎರಡಡಿಗೆ ಕಡಮೆ. ಎರಡು ಕಡೆಯೂ ಅಂಚುಳ್ಳ ಅಲಗು, ನಡುವೆ ಏಣು, ಮೈಮೇಲೆಲ್ಲ ವಜ್ರಾಕೃತಿಯ ಕಪ್ಪು ಜಾಲರಿ, ಹಿಡಿಯ ತಡೆಗಟ್ಟಿನಲ್ಲಿ ಒಂದು ಕಡೆ ನೀಲಿ ಗಾಜು, ಇನ್ನೊಂದು ಕಡೆ ವೈಡೂರ್ಯವರ್ಣದ ಕಲ್ಲು. ಹಿಡಿಯ ತುದಿಯ ಬಿಲ್ಲೆಯಲ್ಲಿ ಒಂದರೊಳಗೊಂದು ಸುತ್ತಿದ ಹನ್ನೊಂದು ವರ್ತುಲಗಳು. ಈ ವರ್ತುಲಗಳು ಎಷ್ಟು ಸಣ್ಣವು, ಎಷ್ಟು ನಿಖರವಾದವು ಎಂಬುದು ಇಂದಿನ ಎರಕದವರಿಗೂ ಆಶ್ಚರ್ಯ. ಮೂಲವು ಇಂದು ವುಹಾನ್ ನಗರದ ಪ್ರಾಂತೀಯ ವಸ್ತುಸಂಗ್ರಹಾಲಯದಲ್ಲಿದೆ. 1994ರಲ್ಲಿ ಸಿಂಗಪುರದ ಪ್ರದರ್ಶನಕ್ಕೆ ಹೋಗಿದ್ದಾಗ ಅದಕ್ಕೆ ಸಣ್ಣ ಬಿರುಕು ತಗುಲಿತು. 2013ರಿಂದ ಅದು ದೇಶವನ್ನು ಬಿಟ್ಟು ಹೊರಹೋಗಬಾರದೆಂಬ ವಸ್ತುಗಳ ಪಟ್ಟಿಯಲ್ಲಿದೆ. ಮೂಲಕ್ಕೆ ಸಂಚಾರ ನಿಷಿದ್ಧ. ಪ್ರತಿಕೃತಿಗೆ ಲೋಕವೆಲ್ಲ ತೆರೆದ ಬಾಗಿಲು.

ಈ ಖಡ್ಗದ ಮೈಮೇಲೆ, ಹಿಡಿಗೆ ಸಮೀಪದಲ್ಲಿ, ಎಂಟು ಅಕ್ಷರಗಳಿವೆ. ಅವು ಸಾಮಾನ್ಯ ಚೀನೀ ಲಿಪಿಯಲ್ಲ. ಒಂದೊಂದು ಗೆರೆಯೂ ಹಕ್ಕಿಯ ಕೊಕ್ಕಿನಂತೆ, ಗರಿಯಂತೆ, ಹುಳುವಿನ ಮೈಯಂತೆ ಬಳುಕುವ ಅಲಂಕೃತ ಲಿಪಿ. ದಕ್ಷಿಣದ ರಾಜ್ಯಗಳಲ್ಲಿ ಆಗ ಪ್ರಚಾರದಲ್ಲಿದ್ದದ್ದು. ಎಂಟರಲ್ಲಿ ಆರನ್ನು ವಿದ್ವಾಂಸರು ಬೇಗನೆ ಓದಿದರು. ರಾಜನ ಹೆಸರಾದ ಉಳಿದೆರಡು ಅಕ್ಷರಗಳಿಗಾಗಿ ದೊಡ್ಡ ದೊಡ್ಡ ಲಿಪಿಜ್ಞರು ಪತ್ರವ್ಯವಹಾರದಲ್ಲಿ ಚರ್ಚೆಮಾಡಬೇಕಾಯಿತು. ಒಟ್ಟು ತಾತ್ಪರ್ಯ ಇಷ್ಟೆ: ಯುವೆಯ ದೊರೆ ಗೌಜಿಯನ್ ತನ್ನ ಸ್ವಂತ ಬಳಕೆಗೆಂದು ಮಾಡಿಸಿದ ಖಡ್ಗ.

‘ಸ್ವಂತ ಬಳಕೆಗೆ’ ಎಂಬ ಈ ಮಾತನ್ನು ವಾಚಕರು ಗಮನಿಸಬೇಕು. ಒಬ್ಬನ ಕೈಗೆ, ಒಬ್ಬನ ಸೊಂಟಕ್ಕೆ ಎಂದು ಲೋಹದಲ್ಲಿ ಬರೆದಿಟ್ಟ ಮಾತು ಇಂದು ಸಾವಿರಗಟ್ಟಲೆ ಪ್ರತಿಗಳಲ್ಲಿ ಅಚ್ಚಾಗಿ ಬರುತ್ತದೆ. ಯಾರ ಬಳಕೆಗೂ ಅಲ್ಲದ ವಸ್ತುವಿನ ಮೈಮೇಲೆ ‘ನನ್ನ ಬಳಕೆಗೆ’ ಎಂಬ ಶಾಸನ. ಮಾಡಿದವನಿಗೆ ಅದು ವಿನ್ಯಾಸ, ಮಾರಿದವನಿಗೆ ಪ್ರಾಚೀನತೆಯ ಸಾಕ್ಷಿ, ಕೊಂಡವನಿಗೆ ಚಿತ್ರ. ಓದುವವನು ಮಾತ್ರ ಈ ಸರಪಳಿಯಲ್ಲಿ ಎಲ್ಲಿಯೂ ಇಲ್ಲ. ಆದರೂ ಇಲ್ಲಿ ಮೂಲದ ಪಕ್ಷವನ್ನು ಹಿಡಿದು ಪ್ರತಿಕೃತಿಯನ್ನು ಹಳಿಯುವುದು ಸುಲಭವಾದಷ್ಟು ನ್ಯಾಯವಲ್ಲ. ಏಕೆಂದರೆ ಮೂಲವೇ ಆ ಮಾತನ್ನು ಪೂರ್ತಿ ಪಾಲಿಸಿಲ್ಲ. ಖಡ್ಗ ದೊರೆತದ್ದು ಯುವೆ ನಾಡಿನಲ್ಲಿ ಅಲ್ಲ, ಚು ರಾಜ್ಯದ ಒಬ್ಬ ಕುಲೀನನ ಗೋರಿಯಲ್ಲಿ. ಅದು ರಾಜಕುಮಾರಿಯ ಜೊತೆಗೆ ಬಳುವಳಿಯಾಗಿ ಬಂದಿತೆಂದು ಕೆಲವರೂ, ಚು ರಾಜ್ಯವು ಯುವೆಯನ್ನು ಗೆದ್ದಾಗ ಕೊಳ್ಳೆಯಾಗಿ ಬಂದಿತೆಂದು ಕೆಲವರೂ ಹೇಳುತ್ತಾರೆ. ಬಳುವಳಿಯಾಗಲಿ ಕೊಳ್ಳೆಯಾಗಲಿ, ಗೋರಿಯನ್ನು ಸೇರುವ ಹೊತ್ತಿಗೆ ರಾಜನ ಸ್ವಂತ ಖಡ್ಗವು ಮತ್ತೊಬ್ಬನ ನೆನಪಿನ ವಸ್ತುವಾಗಿತ್ತು. ಆದರೆ ಒಂದು ಭೇದವಿದೆ. ಅದನ್ನು ಪಡೆದ ಚು ಕುಲೀನನಿಗೆ ಆ ಅಕ್ಷರಗಳಲ್ಲಿ ಯಾರ ಹೆಸರಿದೆಯೆಂಬುದು ಗೊತ್ತಿದ್ದಿರಬೇಕು. ಅದರ ಬೆಲೆಯಿದ್ದದ್ದೇ ಆ ತಿಳಿವಿನಲ್ಲಿ.

ಇನ್ನು ಪ್ರತಿಕೃತಿಯ ದೇಹವನ್ನು ನೋಡೋಣ. ಅಗ್ಗದ ಬಗೆಯದು ಸತುವಿನ ಮಿಶ್ರಲೋಹದ ಎರಕ. ಮೇಲೆ ಕಂಚಿನ ಬಣ್ಣ. ಅದರ ಮೇಲೆ ಅಲ್ಲಲ್ಲಿ ಹಸುರು ಬಳಿದು ಒರಸಿದ ಕಿಲುಬು. ನಮ್ಮ ಅಡುಗೆಮನೆಗಳಲ್ಲಿ ಕಿಲುಬೆಂದರೆ ಹುಣಿಸೆಹಣ್ಣು ಹಚ್ಚಿ ಉಜ್ಜಿ ತೊಲಗಿಸಬೇಕಾದ ದೋಷ. ಇಲ್ಲಿ ಅದು ಕಾಸು ಕೊಟ್ಟು ಕೊಳ್ಳುವ ಗುಣ! ವಿಚಿತ್ರವೆಂದರೆ ಗೌಜಿಯನ್ನನ ಖಡ್ಗ ಲೋಕಪ್ರಸಿದ್ಧವಾದದ್ದು ಕಿಲುಬು ಹಿಡಿಯದೆ ಉಳಿದದ್ದಕ್ಕಾಗಿ. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ನೀರು ತುಂಬಿದ ಗೋರಿಯಲ್ಲಿ, ಗಾಳಿಯ ಸಂಪರ್ಕ ಅತ್ಯಲ್ಪವಾದ ಜಾಗದಲ್ಲಿ, ಬಿಗಿಯಾದ ಒರೆಯೊಳಗೆ ಇದ್ದುದರಿಂದ ಅದು ಹೊರಬಂದಾಗ ಹೊಳೆಯುತ್ತಿತ್ತು. ಮೂಲವು ಹೊಸದರಂತೆ ಕಾಣುತ್ತದೆ, ಪ್ರತಿಕೃತಿಯು ಹಳೆಯದರಂತೆ. ಇದನ್ನು ಶಿಲ್ಪಿಯ ಅಜ್ಞಾನವೆಂದು ಹೇಳಲಾಗದು. ಹಳೆಯದೆಂದರೆ ಹೀಗಿರಬೇಕು ಎಂದು ಕೊಳ್ಳುವವನ ಮನಸ್ಸಿನಲ್ಲಿ ಒಂದು ಚಿತ್ರವಿದೆ. ಅಂಗಡಿಯವನು ಅನುಕರಿಸಿದ್ದು ಆ ಚಿತ್ರವನ್ನು, ಖಡ್ಗವನ್ನಲ್ಲ. ನಮ್ಮ ಐತಿಹಾಸಿಕ ನಾಟಕಗಳಲ್ಲಿ ರಾಜನು ಮಲಗುವ ಹೊತ್ತಿನಲ್ಲಿಯೂ ಕಿರೀಟವನ್ನು ಇಳಿಸದೆ ಇರುವುದು ಈ ನ್ಯಾಯದಿಂದಲೇ.

ರೂಪಕ್ಕಿಂತಲೂ ಹೆಚ್ಚು ಕಳೆದುಹೋಗಿರುವುದು ಲೋಹದ ಒಳಗಿನ ಬುದ್ಧಿ. ಕಂಚೆಂದರೆ ತಾಮ್ರ ಮತ್ತು ತವರ. ತವರ ಹೆಚ್ಚಿದರೆ ಅಂಚು ಗಡುಸಾಗುತ್ತದೆ, ಆದರೆ ಪೆಟ್ಟಿಗೆ ಒಡೆಯುತ್ತದೆ. ತಗ್ಗಿದರೆ ಪೆಟ್ಟನ್ನು ತಾಳುತ್ತದೆ, ಆದರೆ ಅಂಚು ಮೊಂಡಾಗುತ್ತದೆ. ಪ್ರಾಚೀನ ಚೀನದ ಶಿಲ್ಪಗ್ರಂಥವಾದ ಕಾವ್‌ಗೊಂಗ್‌ಜಿಯಲ್ಲಿ ಯಾವ ವಸ್ತುವಿಗೆ ತವರದ ಪಾಲೆಷ್ಟು ಎಂಬ ಆರು ವಿಧಿಗಳಿವೆ. ಗಂಟೆಗೆ ಒಂದು ಪ್ರಮಾಣ, ಕೊಡಲಿಗೆ ಇನ್ನೊಂದು, ದೊಡ್ಡ ಅಲಗಿಗೆ ಮತ್ತೊಂದು. ಕನ್ನಡಿಗೆ ಎಲ್ಲಕ್ಕಿಂತಲೂ ಹೆಚ್ಚು. ದೊರೆತಿರುವ ವಸ್ತುಗಳು ಈ ವಿಧಿಯನ್ನು ಚಾಚೂ ತಪ್ಪದೆ ಅನುಸರಿಸುವುದಿಲ್ಲ. ಆದರೂ ಕೆಲಸಕ್ಕೆ ತಕ್ಕ ಲೋಹವೆಂಬ ವಿವೇಕ ಅಲ್ಲಿ ಸ್ಪಷ್ಟವಾಗಿದೆ. ವೂ ಮತ್ತು ಯುವೆ ನಾಡುಗಳ ಕೆಲವು ಖಡ್ಗಗಳಲ್ಲಿ ಇದು ಇನ್ನೂ ಮುಂದೆ ಹೋಗಿದೆ. ನಡುವಿನ ಏಣನ್ನು ತವರ ಕಡಮೆಯಿರುವ ಕಂಚಿನಿಂದ ಮೊದಲು ಎರೆದು, ಅನಂತರ ಅದರ ಇಕ್ಕೆಲಗಳಿಗೆ ತವರ ಹೆಚ್ಚಿರುವ ಕಂಚಿನ ಅಂಚುಗಳನ್ನು ಎರಡನೆಯ ಎರಕದಲ್ಲಿ ಕೂಡಿಸುತ್ತಿದ್ದರು. ಬೆನ್ನು ಮೆದು, ಅಂಚು ಕಠಿಣ. ಎರಡು ಬಣ್ಣದ ಒಂದೇ ಖಡ್ಗ. ಆ ಬಣ್ಣದ ಭೇದ ನೋಡುವುದಕ್ಕೆ ಸುಂದರ. ಆದರೆ ಆ ಸೌಂದರ್ಯವನ್ನು ಯಾರೂ ಬೇರೆಯಾಗಿ ತಂದು ಹಚ್ಚಿದ್ದಲ್ಲ, ಕೆಲಸವೇ ಹುಟ್ಟಿಸಿದ್ದು.

ಆನಂದವರ್ಧನಾದಿ ಆಲಂಕಾರಿಕರು ಅಲಂಕಾರಕ್ಕೂ ಅಲಂಕಾರ್ಯಕ್ಕೂ ಮಾಡಿದ ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಾರವು ಅಲಂಕಾರವಾಗಬೇಕಾದರೆ ಕೊರಳಿರಬೇಕು. ಮೂಲಖಡ್ಗದಲ್ಲಿ ವಜ್ರಜಾಲವೂ ನೀಲಿ ಗಾಜೂ ಹಕ್ಕಿಯಕ್ಷರವೂ ಅಲಂಕಾರ. ಕಡಿಯಬಲ್ಲ ಅಲಗು ಅಲಂಕಾರ್ಯ. ಪ್ರತಿಕೃತಿಯಲ್ಲಿ ಅಲಗು ಮೊಂಡು. ಅದು ಮೊಂಡಾಗಿರಲೇಬೇಕು, ಮಕ್ಕಳಿರುವ ಮನೆ, ಕಾನೂನಿರುವ ನಾಡು. ಅಲಂಕಾರ್ಯವು ಹೀಗೆ ಹಿಂದೆ ಸರಿದಾಗ ಅಲಂಕಾರವು ತಾನೇ ಮುಂದೆ ಬಂದು ನಿಲ್ಲುತ್ತದೆ. ನಿಂತಮೇಲೆ ತನ್ನ ಗಾತ್ರವನ್ನೂ ಮೀರುತ್ತದೆ. ಆದುದರಿಂದಲೇ ಅನೇಕ ಪ್ರತಿಕೃತಿಗಳಲ್ಲಿ ಮೂಲದಲ್ಲಿಲ್ಲದ ನಾಗಸರ್ಪಗಳು, ಕೆಂಪು ಕುಚ್ಚುಗಳು, ಹೊಂಬಣ್ಣದ ಗುಬಟುಗಳು ಹಿಡಿಯ ಸುತ್ತ ಹತ್ತಿಕೊಂಡಿವೆ. ರಸವಿಲ್ಲದ ಕವಿ ಪ್ರಾಸವನ್ನು ಹೆಚ್ಚಿಸಿದಂತೆ.

ಅಂಗಡಿಯವನ ಮಾತಿನಲ್ಲಿಯೂ ಇಂಥದೇ ಒಂದು ಗುಬಟು ಬೆಳೆದುಕೊಂಡಿತ್ತು. ಶಿಯಾನ್ ಸಮೀಪದ ಮಣ್ಣಿನ ಸೈನ್ಯದ ಗುಂಡಿಗಳಲ್ಲಿ ದೊರೆತ ಚಿನ್ ಕಾಲದ ನೀಳವಾದ ಕಂಚಿನ ಖಡ್ಗಗಳು ಕಿಲುಬಿಲ್ಲದೆ ಬಂದುದಕ್ಕೆ, ಆ ಕಾಲದವರು ಕ್ರೋಮಿಯಂ ಲೇಪನದ ವಿದ್ಯೆಯನ್ನು ಬಲ್ಲವರಾಗಿದ್ದುದೇ ಕಾರಣವೆಂಬ ಪ್ರಚಾರ ಬಹುಕಾಲ ನಡೆಯಿತು. ಖಡ್ಗದ ಮೈಮೇಲೆ ಅಲ್ಪ ಪ್ರಮಾಣದ ಕ್ರೋಮಿಯಂ ಕಂಡದ್ದು ನಿಜ. ಆದರೆ 2019ರಲ್ಲಿ ಲಂಡನ್ನಿನ ವಿದ್ವಾಂಸರೂ ಶಿಯಾನಿನ ವಸ್ತುಸಂಗ್ರಹಾಲಯದವರೂ ಕೂಡಿ ನಡೆಸಿದ ಸಂಶೋಧನೆಯಲ್ಲಿ, ಅದು ಪಕ್ಕದ ಮರದ ಹಿಡಿಗಳಿಗೂ ಒರೆಗಳಿಗೂ ಬಳಿದಿದ್ದ ಅರಗೆಣ್ಣೆಯಿಂದ ಬಂದು ಹತ್ತಿದ್ದೆಂದೂ, ಲೋಹ ಕೆಡದಿದ್ದುದಕ್ಕೆ ತವರದ ಹೆಚ್ಚಳವೂ ಅಲ್ಲಿಯ ಮಣ್ಣಿನ ಗುಣವೂ ಕಾರಣವೆಂದೂ ತೋರಿಬಂದಿತು. ಕೀರ್ತಿಯು ಕುಂದಲಿಲ್ಲ; ಒಂದು ಸುಳ್ಳು ಕೀರ್ತಿ ಹೋಯಿತು. ನಮ್ಮಲ್ಲಿಯೂ ಹಿರಿಯರಿಗೆ ವಿಮಾನಗಳನ್ನು ದಾನಮಾಡುವ ಸಂಶೋಧಕರಿದ್ದಾರೆ. ಅವರು ಇದನ್ನು ಓದಿದರೆ ಒಳ್ಳೆಯದು.

ಇಷ್ಟನ್ನು ಹೇಳಿದೊಡನೆ ಅನುಕರಣವೇ ಕೀಳೆಂಬ ಅಭಿಪ್ರಾಯ ಬರಬಾರದು. ಹಳೆಯ ಕಂಚನ್ನು ಹೊಸದಾಗಿ ಎರೆಯುವುದು ಚೀನದಲ್ಲಿ ನಿನ್ನೆ ಮೊನ್ನೆಯ ವ್ಯಾಪಾರವಲ್ಲ. ಸೊಂಗ್ ವಂಶದ ಚಕ್ರವರ್ತಿ ಹುಯಿಜೊಂಗ್ ಹನ್ನೆರಡನೆಯ ಶತಮಾನದ ಆದಿಯಲ್ಲಿ ಅರಮನೆಯ ಪ್ರಾಚೀನ ಕಂಚುಗಳ ಸಚಿತ್ರ ಸೂಚಿಯನ್ನೇ ಮಾಡಿಸಿದನು. ಅಂಥ ಸೂಚಿಗಳನ್ನು ನೋಡಿ ಕುಶಲಿಗಳು ಪೂಜೆಯ ಪಾತ್ರೆಗಳನ್ನು ಮರಳಿ ಎರೆದರು. ಮುಂದೆ ಪಂಡಿತರ ಮೇಜಿನ ಮೇಲೆ ಅವು ಧೂಪದ ಪಾತ್ರೆಗಳಾದವು, ಹೂಬಟ್ಟಲುಗಳಾದವು. ಆದರೆ ಸೊಂಗ್ ಕಾಲದ ಅನುಕರಣದ ಹಿಂದೆ ಓದು ಇತ್ತು. ಪಾತ್ರೆಯ ಮೇಲಿನ ಅಕ್ಷರವನ್ನು ಬಿಡಿಸಿ, ಅದರ ಹೆಸರನ್ನೂ ಉಪಯೋಗವನ್ನೂ ನಿರ್ಣಯಿಸಿ ಅನಂತರ ಎರೆದ ಎರಕ ಅದು. ಇಂದಿಗೂ ಜೆಜಿಯಾಂಗ್ ಪ್ರಾಂತದ ಲೊಂಗ್‌ಚುವಾನ್ ಊರಿನ ಕಮ್ಮಾರರು ಖಡ್ಗದ ಕೆಲಸಕ್ಕೆ ಹೆಸರಾದವರು. ಅವರ ಕೈಯ ಉಕ್ಕಿನ ಖಡ್ಗವನ್ನೂ ಪ್ರವಾಸಿಗಳ ಅಂಗಡಿಯ ಸತುವಿನ ತುಂಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈಗ ನಮ್ಮ ಕಡೆಗೆ ತಿರುಗೋಣ. ಮಾಧವರಂನಿಂದ ಒಂದು ಗಂಟೆಯ ಪ್ರಯಾಣದೊಳಗೆ ಎಗ್ಮೋರಿನ ಸರಕಾರಿ ವಸ್ತುಸಂಗ್ರಹಾಲಯವಿದೆ. ಕಂಚಿನ ದೇವತಾಮೂರ್ತಿಗಳಿಗಾಗಿ ಎಲ್ಲರೂ ಅಲ್ಲಿಗೆ ಹೋಗುತ್ತಾರೆ. ನಾನು ಹೇಳುತ್ತಿರುವುದು ಬೇರೆ ಎರಡು ಸಂಗ್ರಹಗಳನ್ನು. ಮೊದಲನೆಯದು ತಾಮ್ರಪರ್ಣಿಯ ದಡದ ಆದಿಚ್ಚನಲ್ಲೂರಿನದು. 1899ರಿಂದ ಕೆಲವು ವರ್ಷಗಳ ಕಾಲ ಅಲೆಕ್ಸಾಂಡರ್ ರೇ ಅಲ್ಲಿ ನಡೆಸಿದ ಅಗೆತದಲ್ಲಿ ಶವಕುಂಭಗಳ ಜೊತೆಗೆ ಕಬ್ಬಿಣದ ಖಡ್ಗಗಳೂ ಈಟಿಗಳೂ ಕಂಚಿನ ಪಾತ್ರೆಗಳೂ ಚಿನ್ನದ ಹಣೆಪಟ್ಟಿಗಳೂ ದೊರೆತವು. ಅಲ್ಲಿ ಖಡ್ಗವೆಲ್ಲ ಕಬ್ಬಿಣ. ಕಂಚಿನ ಪಾಲಿಗೆ ಬಂದದ್ದು ಪಾತ್ರೆ, ಮುಚ್ಚಳ, ಆ ಮುಚ್ಚಳಗಳ ಮೇಲೆ ಕುಳಿತ ಹಕ್ಕಿ, ಎಮ್ಮೆ ಮೊದಲಾದ ಪ್ರಾಣಿಗಳು. ಚೀನದಲ್ಲಿ ಕೊಲ್ಲುವ ಕೆಲಸವನ್ನು ಶತಮಾನಗಳ ಕಾಲ ಕಂಚು ಹೊತ್ತಿತು. ದಕ್ಷಿಣಭಾರತದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಕಬ್ಬಿಣವೇ ವಹಿಸಿಕೊಂಡುದರಿಂದ ಕಂಚು ದೀಪವಾಗಿ, ಗಂಟೆಯಾಗಿ, ದೇವರಾಗಿ ಬೆಳೆಯಿತು. ಕಂಚಿನ ಖಡ್ಗವು ನಮ್ಮ ಗೋಡೆಯ ಮೇಲೆ ಸ್ವಲ್ಪ ಪರಕೀಯವಾಗಿ ಕಾಣುವುದಕ್ಕೆ ಇದೂ ಒಂದು ಕಾರಣವಿರಬಹುದು.

ಎರಡನೆಯದು ತಂಜಾವೂರು ಅರಮನೆಯ ಆಯುಧಶಾಲೆಯಿಂದ ಬಂದದ್ದು. 1855ರಲ್ಲಿ ತಂಜಾವೂರಿನ ಮರಾಠ ಸಂಸ್ಥಾನ ಕಂಪೆನಿಯ ವಶವಾದ ಮೇಲೆ, ಅಲ್ಲಿ ತಲೆಮಾರುಗಳಿಂದ ಕೂಡಿದ್ದ ಆಯುಧರಾಶಿಯ ಬಹುಭಾಗವನ್ನು ಮುರಿದು ಹಳೆಯ ಲೋಹವಾಗಿ ಮಾರಿಬಿಟ್ಟರು. ಆರಿಸಿ ಉಳಿಸಿದ ಕೆಲವು ಮಾತ್ರ ಮದರಾಸಿಗೆ ಬಂದವು. ಎಂ. ಜೆ. ವಾಲ್‌ಹೌಸ್ ಎಂಬ ಅಧಿಕಾರಿ 1878ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇದನ್ನು ವಿಷಾದದಿಂದ ಬರೆದಿದ್ದಾನೆ. ಖಡ್ಗಕ್ಕೆ ಬರಬಹುದಾದ ಗತಿಗಳಲ್ಲಿ ಅಲಂಕಾರವಾಗುವುದೇ ಅತ್ಯಂತ ಹೀನವಾದುದಲ್ಲವೆಂದು ಇದರಿಂದ ತಿಳಿಯುತ್ತದೆ. ಗುಜರಿಗೆ ಹೋಗುವುದಕ್ಕಿಂತ ಗೋಡೆಗೆ ಹೋಗುವುದು ಮೇಲು.

ಕನ್ನಡನಾಡಿನಲ್ಲಿ ಅತಿ ಪ್ರಾಚೀನವಾದ ಲೋಹದ ಖಡ್ಗ ಎಲ್ಲಿಯದೆಂದು ನಮ್ಮ ಸಂಘದ ಸದಸ್ಯರನ್ನು ಕೇಳಿದರೆ ಎಷ್ಟು ಜನ ಉತ್ತರಿಸಿಯಾರು? ರಾಯಚೂರು ಜಿಲ್ಲೆಯ ಕಲ್ಲೂರಿನಲ್ಲಿ, ಆ ಪ್ರದೇಶ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, ತಾಮ್ರದ ಖಡ್ಗಗಳು ದೊರೆತವು. ಹಿಡಿಯ ತುದಿಯು ಕೀಟದ ಮೀಸೆಯಂತೆ ಎರಡಾಗಿ ಕವಲೊಡೆದ ಬಗೆಯವು. ಇದೇ ಬಗೆಯ ಖಡ್ಗಗಳು ಗಂಗಾ ಬಯಲಿನ ಫತೇಗಢದಲ್ಲಿ ಸಿಕ್ಕಿವೆ. ಅಷ್ಟು ದೂರದ ಉತ್ತರದ ರೂಪ ಕೃಷ್ಣಾ ತುಂಗಭದ್ರೆಗಳ ನಡುವೆ ಹೇಗೆ ಬಂದಿತೆಂಬುದು ಪ್ರಾಗಿತಿಹಾಸದವರಿಗೆ ಕುತೂಹಲದ ಸಮಸ್ಯೆ. ಗೌಜಿಯನ್ನನ ಖಡ್ಗಕ್ಕಿಂತಲೂ ಬಹಳ ಹಳೆಯದಾದ ಕಾಲಕ್ಕೆ ಇವು ಸೇರುತ್ತವೆ. ಇವುಗಳ ಪ್ರತಿಕೃತಿಯನ್ನು ನಾನು ಯಾವ ಮನೆಯಲ್ಲಿಯೂ ಯಾವ ಅಂಗಡಿಯಲ್ಲಿಯೂ ಕಂಡಿಲ್ಲ. ಹೊಳಪಿಲ್ಲ, ಹೆಸರಿಲ್ಲ, ಪಿತ್ತ ನೆಕ್ಕಿದ ರಾಜನ ಕಥೆಯಿಲ್ಲ. ಪ್ರವಾಸಿಯ ಅಂಗಡಿ ವಸ್ತುವನ್ನು ಮಾರುವುದಿಲ್ಲ, ಕಥೆಯನ್ನು ಮಾರುತ್ತದೆ. ಇದನ್ನು ಚೀನದವರು ಅರಿತಷ್ಟು ನಾವು ಅರಿತಿಲ್ಲ. ನಮ್ಮಲ್ಲಿ ಆ ಭಾಗ್ಯ ಪಡೆದದ್ದು ಟಿಪ್ಪುವಿನ ಖಡ್ಗವೊಂದೇ. ಕಾದಂಬರಿ, ದೂರದರ್ಶನದ ಧಾರಾವಾಹಿ, 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಬಂದ ಒಂದು ಕೋಟಿ ನಲವತ್ತು ಲಕ್ಷ ಪೌಂಡು, ಇವೆಲ್ಲ ಸೇರಿ ಅದರ ಪ್ರತಿಕೃತಿಯನ್ನು ಪೋಷಿಸುತ್ತಿವೆ.

ಹಾಗಾದರೆ ಖಡ್ಗವನ್ನು ನೆನಪಾಗಿ ಮಾರ್ಪಡಿಸುವ ವಿದ್ಯೆ ಕನ್ನಡಿಗರಿಗೆ ತಿಳಿದಿರಲಿಲ್ಲವೇ? ಚೆನ್ನಾಗಿ ತಿಳಿದಿತ್ತು. ಹಳಗನ್ನಡ ಶಾಸನಗಳಲ್ಲಿ ‘ಬಾಳ್ಗಚ್ಚು’ ಎಂಬ ಒಂದು ಮಾತಿದೆ. ಬಾಳೆಂದರೆ ಖಡ್ಗ, ಕಚ್ಚು ಎಂದರೆ ಕರ್ಚು, ತೊಳೆ. ಯುದ್ಧದಲ್ಲಿ ಮೆಚ್ಚುವಂತೆ ಕಾದಿದ ವೀರನ ಖಡ್ಗವನ್ನು ತೊಳೆದು ಒಡೆಯನು ಕೊಡುವ ಭೂಮಿಗೆ ಬಾಳ್ಗಚ್ಚೆಂದು ಹೆಸರು. ಇದರ ಪ್ರಸಿದ್ಧ ಉದಾಹರಣೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಅದರ ಪ್ರಸಂಗ ನಡೆದ ಸ್ಥಳವಾದರೋ ಈ ನಗರದ ಕನ್ನಡಿಗರಿಗೆ ದೂರವಲ್ಲ. ಅರಕ್ಕೋಣದ ಸಮೀಪದ ತಕ್ಕೋಲ. ಅಲ್ಲಿ 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಕಾದಿ ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಮುಂದೆ ನಿಂತು ಹೋರಾಡಿದ ಮಣಲೆರನೆಂಬ ಭಟನಿಗೆ ಬಾಳ್ಗಚ್ಚಾಗಿ ಭೂಮಿ ದೊರೆಯಿತು. ‘ಬೇಡು’ ಎಂದಾಗ ಅವನು ಬೇಡಿದ್ದು ಮಾತ್ರ ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ದೊಡ್ಡ ಹಂದಿಯೊಡನೆ ಹೋರಾಡಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಂತಿತು. ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಪೂಜಿಸದೆ ಅರ್ಚಕನು ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ಕೆತ್ತಿರುವುದು ನಾಯಿ ಮತ್ತು ಹಂದಿ. ಮಣಲೆರನ ಖಡ್ಗ ಎಲ್ಲಿ ಹೋಯಿತೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ತೊಳೆದ ನೀರು ನೆಲವಾಗಿದೆ, ನೆಲ ಅಕ್ಷರವಾಗಿದೆ.

ಬಾಳ್ಗಚ್ಚಿನಲ್ಲಿ ಖಡ್ಗವು ತನ್ನ ರೂಪವನ್ನು ಪೂರ್ತಿ ಬಿಟ್ಟು ಅರ್ಥವನ್ನು ಉಳಿಸಿಕೊಂ‌ಡಿತು. ಸತುವಿನ ಪ್ರತಿಕೃತಿ ರೂಪವನ್ನು ಹಿಡಿದು ಅರ್ಥವನ್ನು ಬಿಟ್ಟಿತು. ಇವೆರಡರ ನಡುವೆ ಬೇರೆ ಬೇರೆ ಮೆಟ್ಟಲುಗಳಿವೆ. ಕೊಲ್ಲೂರು ಮೂಕಾಂಬಿಕೆಗೆ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ. ಜಿ. ರಾಮಚಂದ್ರನ್ ಅರ್ಪಿಸಿದ ಚಿನ್ನದ ಖಡ್ಗವನ್ನೂ, ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಗುಂಡೂರಾಯರು ಅರ್ಪಿಸಿದ ಬೆಳ್ಳಿಯ ಖಡ್ಗವನ್ನೂ ಕುರಿತು ವಾಚಕರು ಬಲ್ಲರು. ಚಿನ್ನದ ಖಡ್ಗ ಕಡಿಯಲಾರದು. ಆದರೂ ಅದು ಟೊಳ್ಳಲ್ಲ, ಏಕೆಂದರೆ ದೇವಿಯ ಕೈಯಲ್ಲಿ ಖಡ್ಗಕ್ಕೊಂದು ನಿಯತವಾದ ಅರ್ಥವಿದೆ, ಕೊಟ್ಟವರಿಗೂ ನೋಡುವವರಿಗೂ ಅದು ಸಮಾನವಾಗಿ ತಿಳಿದಿದೆ. ರಾಜಕೀಯ ಸಮ್ಮೇಳನಗಳಲ್ಲಿ ಮುಖಂಡರ ಕೈಗೆ ಕೊಟ್ಟು ಚಿತ್ರ ತೆಗೆದು ಮರಳಿ ಪಡೆಯುವ ತಗಡಿನ ವೀರಖಡ್ಗವನ್ನು ಇದರ ಪಕ್ಕದಲ್ಲಿ ಇಟ್ಟರೆ ಭೇದವು ತಾನಾಗಿ ಕಾಣುತ್ತದೆ.

ಕೊಡಗಿನ ಪೀಚೆಕತ್ತಿಯ ವಿಷಯ ಇನ್ನೂ ಸ್ವಾರಸ್ಯವಾದದ್ದು. ಮಡಿಕೇರಿಯ ಅಂಗಡಿಗಳಲ್ಲಿ ಕಿರುಬೆರಳಿನಷ್ಟು ಪೀಚೆಕತ್ತಿಗಳು ಬಟ್ಟೆಗೆ ಸಿಕ್ಕಿಸುವ ಪಿನ್ನಾಗಿ, ಬೀಗದ ಕೈಯ ಗೊಂಚಲಾಗಿ ಮಾರಾಟವಾಗುತ್ತವೆ. ಬೆಲೆ ಅಲ್ಪ, ಲೋಹವೂ ಸಾಧಾರಣ. ಆದರೂ ಕುಪ್ಪಸದ ಮೇಲೆ ಚೇಲೆಯ ಮುಂಬದಿಗೆ ಸಿಕ್ಕಿಸುವ ಕತ್ತಿ, ಬೆನ್ನ ಹಿಂದೆ ತೋಡಂಗದಲ್ಲಿ ನಿಲ್ಲುವ ಒಡಿಕತ್ತಿ, ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ಶಾಸ್ತ್ರ, ಕೈಲ್‌ಪೊಳ್ದಿನಂದು ಆಯುಧಗಳಿಗೆ ಸಲ್ಲುವ ಪೂಜೆ, ಇವೆಲ್ಲ ಇಂದಿಗೂ ನಡೆಯುತ್ತಿರುವುದರಿಂದ ಆ ಪುಟ್ಟ ಪಿನ್ನು ಒಂದು ಜೀವಂತ ವಾಕ್ಯದಿಂದ ತೆಗೆದ ಪದದಂತಿದೆ. ಮೂಲದ ಗಾತ್ರವನ್ನು ನಟಿಸದೆ, ತಾನು ಚಿಕ್ಕದೆಂದು ಒಪ್ಪಿಕೊಂಡೇ ನಿಲ್ಲುವುದು ಅದರ ಇನ್ನೊಂದು ಗುಣ. ಪೂರ್ಣಗಾತ್ರದ ಹುಸಿಖಡ್ಗಕ್ಕೆ ಈ ವಿನಯವಿಲ್ಲ. ನನಗೆ ಆರಿಸಿಕೊಳ್ಳೆಂದರೆ ಪೆಟ್ಟಿಗೆಯ ರಾಜಖಡ್ಗವನ್ನು ಬಿಟ್ಟು ಪಿನ್ನನ್ನು ಆರಿಸಿಕೊಳ್ಳುತ್ತೇನೆ.

ಈ ಮಾತೆಲ್ಲ ಚೀನದ ಖಡ್ಗಕ್ಕಿಂತ ಹೆಚ್ಚಾಗಿ ನಮ್ಮನ್ನೇ ತಟ್ಟುವ ಒಂದು ಜಾಗವಿದೆ. ಅದನ್ನು ಹೇಳದೆ ಬಿಡಲಾರೆ. ಹೊರನಾಡಿನ ಕನ್ನಡ ಸಂಘಗಳು ವರ್ಷಕ್ಕೆ ಎಷ್ಟೋ ನೆನಪಿನ ಕಾಣಿಕೆಗಳನ್ನು ಕೊಡುತ್ತವೆ. ಗಂಡಭೇರುಂಡ, ಭುವನೇಶ್ವರಿ, ಹಂಪೆಯ ಕಲ್ಲಿನ ರಥ. ಕೆಳಗೆ ಕನ್ನಡದಲ್ಲಿ ಒಂದೆರಡು ಸಾಲು. ಮೊದಲ ತಲೆಮಾರಿನ ಮನೆಯವರು ಆ ಸಾಲನ್ನು ಓದುತ್ತಾರೆ. ಎರಡನೆಯ ತಲೆಮಾರು ತಡವರಿಸಿ ಓದುತ್ತದೆ. ಈ ನಗರದ ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿತ ಮೂರನೆಯ ತಲೆಮಾರಿನ ಮಗುವಿಗೆ ಆ ದುಂಡನೆಯ ತಲೆಕಟ್ಟಿನ ಅಕ್ಷರಗಳು ಸುಂದರವಾದ ಗೆರೆಗಳು. ಗೌಜಿಯನ್ನನ ಹಕ್ಕಿಯಕ್ಷರಗಳು ಅದರ ತಾತನಿಗೆ ಹೇಗೋ ಹಾಗೆ. ಒಂದೇ ಕಪಾಟಿನಲ್ಲಿ ಚೀನದ ಖಡ್ಗವೂ ಸಂಘದ ಫಲಕವೂ ಅಕ್ಕಪಕ್ಕದಲ್ಲಿರುವಾಗ, ಯಾವುದರ ಬರಹ ಅಲಂಕಾರ, ಯಾವುದರ ಬರಹ ಮಾತು ಎಂಬ ಭೇದ ಆ ಮಗುವಿನ ಮಟ್ಟಿಗೆ ಅಳಿಸಿಹೋಗಿದೆ. ಮನೆಯಲ್ಲಿ ಕನ್ನಡ ಆಡುವ ಮಗುವೇ ಹೀಗೆ ಅಕ್ಷರವನ್ನು ಚಿತ್ರವಾಗಿ ನೋಡುತ್ತಿರುವುದನ್ನು ಕಂಡಾಗ, ಸಂಘದ ಫಲಕಗಳಿಗಾಗಿ ನಾವು ವ್ಯಯಮಾಡುವ ಹಣದ ವಿಚಾರ ಮನಸ್ಸಿಗೆ ಬಾರದೆ ಇರದು.

ಆದುದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಒಂದು ಸಣ್ಣ ಸಲಹೆಯನ್ನು ಇಡುತ್ತಿದ್ದೇನೆ. ಮುಂದಿನ ವರ್ಷದ ಕಾಣಿಕೆಯಾಗಿ ಹಿತ್ತಾಳೆಯ ಫಲಕದ ಬದಲು ಆತಕೂರು ಕಲ್ಲಿನ ಒಂದು ಒಳ್ಳೆಯ ಛಾಯಾಚಿತ್ರವನ್ನು, ಅದರ ಪಾಠವನ್ನು ಇಂದಿನ ಕನ್ನಡ ಲಿಪಿಯಲ್ಲಿ ಅಚ್ಚುಮಾಡಿ, ನಾಯಿಯ ಕಥೆಯನ್ನು ಮಕ್ಕಳು ಓದಬಹುದಾದ ದಪ್ಪಕ್ಷರದಲ್ಲಿ ಹಿಂದುಗಡೆ ಕೊಟ್ಟು ಹಂಚಬಹುದು. ವೆಚ್ಚವು ಫಲಕಕ್ಕಿಂತ ಕಡಮೆಯೇ ಆದೀತು. ಸಾಧ್ಯವಾದರೆ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಅರಕ್ಕೋಣದ ರೈಲು ಹತ್ತಿ, ಅಲ್ಲಿಂದ ತಕ್ಕೋಲಕ್ಕೆ ಹೋಗಿಬರಬಹುದು.